ಅಲ್ಪಾಯುಷಿ ಟ್ರೋಜನ್ಸ್: ಬಿಸಿಲಿನ ಹಾಡಿನ ಕಾಲದ ಒಂದು ಬೆಂಗಳೂರು ತಂಡ

1995ರಲ್ಲಿ ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಎಂಬ ಹಾಡು ಹೊರಬಂದಿತು. ಆ ಒಂದೆರಡು ವರ್ಷಗಳಲ್ಲಿ ನನ್ನ ಬಳಿ ಹೈಸ್ಕೂಲಿನಲ್ಲಿ ಓದಿದವರಿಗೆ ಅದನ್ನು ನೆನಪಿಸುವ ಅಗತ್ಯವಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ಯಾವ ಹಾಡಿಗೆ ನೃತ್ಯ ಮಾಡುತ್ತೀರಿ ಎಂದು ಕೇಳಿದರೆ ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಹುಡುಗಿಯರು ಪ್ರತ್ಯೇಕವಾಗಿ ಬಂದು ಒಂದೇ ಹಾಡಿನ ಹೆಸರು ಹೇಳಿದ್ದರು. ಹೊಸಪೇಟೆಯ ಕ್ಯಾಸೆಟ್ ಅಂಗಡಿಗಳ ಮುಂದೆ ಹಾದುಹೋದರೂ ಅದೇ ಹಾಡು, ಮದುವೆ ಮನೆಯ ಮೈಕಿನಲ್ಲೂ ಅದೇ ಹಾಡು. ಅದಕ್ಕೆ ಸಂಗೀತ ಸಂಯೋಜಿಸಿದವರು ಬಿದ್ದು ಎಂಬುವರು. ಅವರು ಬೊಂಬಾಯಿಯವರಿರಬೇಕು, ಇಲ್ಲವೇ ಲಂಡನ್ನಿನವರಿರಬೇಕು ಎಂದೇ ಎಲ್ಲರ ಎಣಿಕೆ. ವಾಸ್ತವದಲ್ಲಿ ಅವರು ಕೊಡವ ಮನೆತನದ ಬಿದ್ದು ಅಪ್ಪಯ್ಯ. ಹುಟ್ಟಿದ್ದು, ಹಾಡು ಕಲಿತದ್ದು, ಮೊದಲು ವೇದಿಕೆ ಏರಿದ್ದು ಬೆಂಗಳೂರಿನಲ್ಲಿ. ಕನ್ನಡ ಲಿಪಿಯಲ್ಲಿ ಬರೆದಾಗ ಅವರ ಹೆಸರಿಗೆ ಬೇರೊಂದು ಅರ್ಥ ಬಂದು ನಗು ಬರುವುದು ಸಹಜ. ಆದರೆ ಬಿದ್ದಪ್ಪ, ಬಿದ್ದಯ್ಯ ಎಂಬ ಹೆಸರುಗಳು ಕೊಡಗಿನಲ್ಲಿ ಮನೆಮನೆಯಲ್ಲಿ ಉಂಟು.

ಈ ಲೇಖನ ಅವರ ಕೀರ್ತಿಯ ದಿನಗಳನ್ನು ಕುರಿತದ್ದಲ್ಲ. ಅದಕ್ಕೂ ಮೂವತ್ತು ವರ್ಷಗಳ ಹಿಂದೆ, ಹರೆಯದಲ್ಲಿ ಗೆಳೆಯರೊಡನೆ ಅವರು ಕಟ್ಟಿದ್ದ ‘ಟ್ರೋಜನ್ಸ್’ ಎಂಬ ತಂಡವನ್ನು ಕುರಿತದ್ದು. ಭಾರತದಲ್ಲಿ ಇಂಗ್ಲಿಷ್ ಪಾಪ್ ಹಾಡುಗಳನ್ನು ಗಿಟಾರ್ ಹಿಡಿದು ಹಾಡಿದ ಮೊದಮೊದಲ ತಂಡಗಳಲ್ಲಿ ಅದೂ ಒಂದು. ಹುಟ್ಟಿದ್ದು 1960ರ ದಶಕದ ಮೊದಲ ಭಾಗದಲ್ಲಿ. ದಶಕ ಮುಗಿಯುವ ಮುನ್ನವೇ ಅದು ಇರಲಿಲ್ಲ. ಬೆಂಗಳೂರು, ಕಲ್ಕತ್ತ, ಬೊಂಬಾಯಿ ಎಂಬ ಮೂರು ಊರುಗಳಲ್ಲಿ ಜನ ಅದನ್ನು ಮೆಚ್ಚಿದ್ದರು. ಇಷ್ಟು ಅಲ್ಪಾಯುಷ್ಯದ ತಂಡದ ಚರಿತ್ರೆಯನ್ನು ಏಕೆ ಬರೆಯಬೇಕು ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ರಾಜರ ಚರಿತ್ರೆಯನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವನಿಗೆ, ಶಾಸನ ಬರೆಸದೆ ಹೋದವರ ಮೇಲೆ ಒಂದು ಬಗೆಯ ಋಣ ಉಳಿದುಬಿಡುತ್ತದೆ.

ಮೊದಲು ಊರಿನ ವಿಷಯ. ಬೆಂಗಳೂರು ಬಹುಕಾಲ ಒಂದೇ ಊರಾಗಿರಲಿಲ್ಲ. ಪೇಟೆ ಬೇರೆ, ದಂಡು ಬೇರೆ. 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ನೆಲೆಸಿದ ಮೇಲೆ ಬೆಳೆದ ದಂಡು ಪ್ರದೇಶವು 1947ರವರೆಗೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಹೊರತಾಗಿಯೇ ಇತ್ತು. 1949ರಲ್ಲಿ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು. ಕಾಗದದ ಮೇಲೆ ಸೇರಿದರೂ ಕಿವಿಗಳು ಅಷ್ಟು ಬೇಗ ಸೇರಲಿಲ್ಲ. ಪೇಟೆಯಲ್ಲಿ ರಾಮನವಮಿಯ ಸಂಗೀತೋತ್ಸವ, ಹರಿಕಥೆ, ಕಂಪನಿ ನಾಟಕ. ದಂಡಿನಲ್ಲಿ ಇಗರ್ಜಿಯ ಸಮೂಹಗಾಯನ, ಕಾನ್ವೆಂಟಿನ ಪಿಯಾನೊ, ಆಂಗ್ಲೋ-ಇಂಡಿಯನ್ ಕುಟುಂಬಗಳ ನೃತ್ಯಕೂಟ, ಸೌತ್ ಪರೇಡ್ ಎಂದಿದ್ದು ಬಳಿಕ ಮಹಾತ್ಮ ಗಾಂಧಿ ರಸ್ತೆಯಾದ ಬೀದಿಯ ಉಪಾಹಾರಗೃಹಗಳು ಮತ್ತು ಸಿನಿಮಾ ಮಂದಿರಗಳು. ನಾಲ್ಕೈದು ಹುಡುಗರು ಗಿಟಾರ್ ಹಿಡಿದು ಇಂಗ್ಲಿಷಿನಲ್ಲಿ ಹಾಡಿದರೆ ಕುಳಿತು ಕೇಳುವ, ಎದ್ದು ಕುಣಿಯುವ, ಕೊನೆಯಲ್ಲಿ ದುಡ್ಡೂ ಕೊಡುವ ಜನ ಅಲ್ಲಿದ್ದರು. ಹೊಸಪೇಟೆಯಲ್ಲಿ ಹಾಗೆ ಮಾಡಿದ್ದರೆ ಹುಡುಗರಿಗೆ ಏನೋ ಆಗಿದೆ ಎಂದು ಜಂಬುನಾಥನಿಗೆ ಹರಕೆ ಹೊರುತ್ತಿದ್ದರು.

ಆದರೆ ಹಾಡು ಬಂದ ದಾರಿ ಮಾತ್ರ ಎರಡೂ ಊರಿಗೆ ಒಂದೇ. ಅದು ರೇಡಿಯೋ ಸಿಲೋನ್. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಅಭಿರುಚಿಯ ಅವನತಿ; ಆಕಾಶವಾಣಿಯಿಂದ ಅವು ಮರೆಯಾದವು. ಕೊಲಂಬೊದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ನಿಲ್ಲಿಸಿದ್ದ ಬಲಶಾಲಿ ಪ್ರೇಷಕವೊಂದು ಇತ್ತು. ದೆಹಲಿ ಬಾಗಿಲು ಹಾಕಿದ ದಿನವೇ ಕೊಲಂಬೊ ಕಿಟಕಿ ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು. ನನ್ನ ಸೋದರಮಾವ ತುಂಗಭದ್ರಾ ಮಂಡಳಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಟಿ.ಬಿ. ಡ್ಯಾಮಿನ ಅವರ ಕ್ವಾರ್ಟರ್ಸಿನಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಅಂಚೆ ಕಚೇರಿಗೆ ವರ್ಷವರ್ಷವೂ ಲೈಸೆನ್ಸ್ ಹಣ ಕಟ್ಟಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ, ದೇವರ ಗೂಡಿಗಿಂತ ಎತ್ತರದಲ್ಲಿ ಇಟ್ಟಿದ್ದರು. ಬುಧವಾರ ರಾತ್ರಿ ಗೀತ್‌ಮಾಲಾಕ್ಕೆ ಅಕ್ಕಪಕ್ಕದ ಮನೆಯವರೂ ಬರುತ್ತಿದ್ದರು. ನಿಲ್ದಾಣ ಹುಡುಕುತ್ತ ಮಾವ ಗುಂಡಿ ತಿರುಗಿಸುವಾಗ ನಡುವೆ ಎಲ್ಲೋ ಇಂಗ್ಲಿಷ್ ಹಾಡು ಸಿಕ್ಕುತ್ತಿತ್ತು. ಅದು ನಮಗೆ ದಾಟಿ ಹೋಗಬೇಕಾದ ಗದ್ದಲ. ಬೆಂಗಳೂರಿನಲ್ಲಿ ಬಾಲಕ ಬಿದ್ದು ಅದೇ ನಿಲ್ದಾಣಕ್ಕೆ ಕಿವಿಯಿಟ್ಟು, ಅದೇ ಇಂಗ್ಲಿಷ್ ಹಾಡುಗಳಲ್ಲಿ ಬೆಳೆದರು. ಗಿಟಾರ್ ಹಿಡಿದ ಮೇಲೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಟ್ರಿನಿ ಲೋಪೆಜ್ ಅವರ ಹಾಡುಗಳು ಟ್ರೋಜನ್ಸ್ ತಂಡದ ಬಂಡವಾಳವಾದವು.

ಗಿಟಾರ್ ಪರದೇಶಿ ವಾದ್ಯ, ಇಂಗ್ಲಿಷ್ ಪರದೇಶಿ ಭಾಷೆ, ಇದರಲ್ಲಿ ನಮ್ಮದೇನು ಎಂಬ ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ. ನಾನು ಇದಕ್ಕೆ ಹಾರ್ಮೋನಿಯಮ್ಮಿನ ಉದಾಹರಣೆ ಕೊಡುತ್ತೇನೆ. ಮರಿಯಮ್ಮನಹಳ್ಳಿಯ ನಾಟಕದ ಮಂದಿಯನ್ನು ಕೇಳಿ ನೋಡಿ: ಹಾರ್ಮೋನಿಯಮ್ಮಿಲ್ಲದ ರಂಗಗೀತೆ ಎಂದರೆ ಉಪ್ಪಿಲ್ಲದ ಅಂಬಲಿ. ಆ ಪೆಟ್ಟಿಗೆಯೂ ಯೂರೋಪಿನಿಂದಲೇ ಬಂದದ್ದು. ಭಾರತೀಯ ಸಂಗೀತಕ್ಕೆ ಒಗ್ಗದ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಒಳಗೆ ಬಿಟ್ಟುಕೊಳ್ಳಲು 1971 ಬರಬೇಕಾಯಿತು. ಅಷ್ಟರಲ್ಲಿ ನಮ್ಮ ಸೀಮೆಯ ಎರಡು ಮೂರು ತಲೆಮಾರುಗಳು ಅದರಲ್ಲೇ ಕಂದ, ಸೀಸಗಳನ್ನು ಹಾಡಿ ಮುಗಿಸಿದ್ದವು. ಪಾಶ್ಚಾತ್ಯ ಸಂಗೀತವೂ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಲಂಡನ್ನಿನಲ್ಲಿ ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟವರೂ ಅವರೇ. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಲ್ಪಟ್ಟಾಗ ಅದರ ಹಿಂದೆ ಇದ್ದದ್ದು ಮೈಸೂರಿನ ಅರಮನೆಯ ಹಣ. ಅರಮನೆಗೆ ಸಲ್ಲುವುದು ಉಪಾಹಾರಗೃಹದ ಹುಡುಗರಿಗೆ ಸಲ್ಲಬಾರದೆಂದರೆ ಅದು ಸಂಗೀತದ ವಿಚಾರವಲ್ಲ, ಅಂತಸ್ತಿನ ವಿಚಾರ.

ಟ್ರೋಜನ್ಸ್ ಹಾಡುತ್ತಿದ್ದ ಅದೇ ವರ್ಷಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾದಲ್ಲಿ ಒಂದು ಬಗೆಯ ಹಾಡು ಹುಟ್ಟಿತು. ಅದಕ್ಕೆ ಸನ್‌ಶೈನ್ ಪಾಪ್ ಎಂಬ ಹೆಸರನ್ನು ಹಳೆಯ ತಟ್ಟೆಗಳನ್ನು ಸಂಗ್ರಹಿಸುವವರು ಮತ್ತು ವಿಮರ್ಶಕರು ಬಹಳ ತಡವಾಗಿ ಇಟ್ಟರು. ಕನ್ನಡದಲ್ಲಿ ಬಿಸಿಲಿನ ಹಾಡು ಎನ್ನೋಣ. ನಾಲ್ಕೈದು ಕಂಠಗಳು ಒಂದರ ಮೇಲೊಂದು ಕುಳಿತು, ಒಂದೇ ಕಂಠವೆಂಬಂತೆ ಕೇಳಿಸಬೇಕು. ಜೊತೆಗೆ ಕೊಳಲು, ಕಹಳೆ, ಪಿಟೀಲು. ಮಾತಿನಲ್ಲಿ ಬೇಸಿಗೆ, ಗಾಳಿ, ಗಾಳಿಪಟ, ಒಲವು. ನಮ್ಮ ಸೀಮೆಯವರಿಗೆ ಈ ಹೆಸರು ಕೇಳಿದೊಡನೆ ನಗು ಬರುತ್ತದೆ. ಬಳ್ಳಾರಿ ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬಿಸಿಲುಗಾಲ, ಇನ್ನೊಂದು ಕಡುಬಿಸಿಲುಗಾಲ ಎಂಬ ಮಾತೇ ಇದೆಯಲ್ಲ! ಏಪ್ರಿಲ್ ತಿಂಗಳಲ್ಲಿ ಸಂಡೂರಿನ ಘಾಟಿ ಇಳಿದು ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತವನು ಬಿಸಿಲನ್ನು ಹೊಗಳಿ ಹಾಡು ಕಟ್ಟಲಾರ. ಆದರೆ ಈ ಬಗೆಯ ಹಾಡುಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಕ್ಯಾಲಿಫೋರ್ನಿಯಾ ಡ್ರೀಮಿನ್’ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದಲ್ಲ. ಜಾನ್ ಮತ್ತು ಮಿಶೆಲ್ ಫಿಲಿಪ್ಸ್ ದಂಪತಿಗಳು ನ್ಯೂಯಾರ್ಕಿನ ಚಳಿಗಾಲದಲ್ಲಿ ನಡುಗುತ್ತ ಅದನ್ನು ಬರೆದರು. ಬಿಸಿಲು ಇಲ್ಲದೆಡೆಯಲ್ಲಿ ಬಿಸಿಲಿನ ಹಾಡು ಹುಟ್ಟುತ್ತದೆ. ಹಂಪಿಯ ವಿರೂಪಾಪುರಗಡ್ಡೆಗೆ ಗಿಟಾರ್ ಹೊತ್ತು ಬರುತ್ತಿದ್ದ ವಿದೇಶೀಯರನ್ನು ನೀವೂ ನೋಡಿದ್ದೀರಿ. ಕಾರ್ತಿಕ ಮಾಸದಲ್ಲಿ ಬಂದು ಶಿವರಾತ್ರಿ ಕಳೆದು ನಿಜವಾದ ಬಿಸಿಲು ಕಾಲಿಡುವ ಹೊತ್ತಿಗೆ ಅವರು ಜಾಗ ಖಾಲಿ ಮಾಡುತ್ತಿದ್ದರು. 2020ರಲ್ಲಿ ನ್ಯಾಯಾಲಯದ ಆದೇಶದಂತೆ ಆ ಗಡ್ಡೆಯ ವಸತಿಗೃಹಗಳನ್ನು ಕೆಡವಲಾಯಿತು. ಆ ಕಥೆಯನ್ನು ಇನ್ನೊಮ್ಮೆ ಬರೆಯುತ್ತೇನೆ.

ಬಿಸಿಲಿನ ಹಾಡಿನ ತಂಡಗಳ ಆಯುಷ್ಯವೂ ಕಡಿಮೆಯೇ. ಫಿಲಿಪ್ಸ್ ದಂಪತಿಗಳು, ಕ್ಯಾಸ್ ಎಲಿಯಟ್ ಮತ್ತು ಡೆನ್ನಿ ಡೊಹರ್ಟಿ ಸೇರಿ 1965ರಲ್ಲಿ ಕಟ್ಟಿದ ‘ಮಾಮಾಸ್ ಅಂಡ್ ಪಾಪಾಸ್’ 1968ರಲ್ಲಿ ಒಡೆಯಿತು. ಕರ್ಟ್ ಬೆಚರ್ ಎಂಬ ಪ್ರತಿಭಾವಂತ ಕಟ್ಟಿದ ‘ಮಿಲೆನಿಯಮ್’ ತಂಡ 1968ರಲ್ಲಿ ಕೊಲಂಬಿಯಾ ಕಂಪನಿಗೆ ಬಹಳ ಖರ್ಚು ಮಾಡಿಸಿ ಒಂದೇ ಒಂದು ಆಲ್ಬಂ ಹೊರತಂದಿತು. ಅದರ ಹೆಸರು ‘ಬಿಗಿನ್’, ಎಂದರೆ ಆರಂಭ. ತಟ್ಟೆ ಮಾರಾಟವಾಗಲಿಲ್ಲ; ಆರಂಭವೇ ಮುಕ್ತಾಯವಾಯಿತು. ಆದರೆ ಸೋತ ಆ ತಂಡದ ಧ್ವನಿ ಟೇಪಿನಲ್ಲಿ ಉಳಿದಿತ್ತು. ಬಹುಕಾಲದ ಮೇಲೆ ಆಸಕ್ತರು ಅದನ್ನು ಹುಡುಕಿ ತೆಗೆದು, ಸಿ.ಡಿ.ಯಾಗಿ ಮತ್ತೆ ಹೊರತಂದು, ಆ ಬಗೆಯ ಹಾಡಿನ ಶ್ರೇಷ್ಠ ಕೃತಿ ಎಂದು ಕೊಂಡಾಡಿದರು. ಇಂದು ನೀವು ಮೊಬೈಲಿನಲ್ಲಿ ಹೆಸರು ಹೊಡೆದರೆ ಅದು ಕೇಳಿಸುತ್ತದೆ.

ಟ್ರೋಜನ್ಸ್ ಕೇಳಿಸುವುದಿಲ್ಲ. ನನ್ನ ಮಾತೆಲ್ಲ ಇರುವುದು ಈ ವ್ಯತ್ಯಾಸದಲ್ಲಿ. ಆ ಕಾಲದ ಭಾರತದಲ್ಲಿ ಗ್ರಾಮಫೋನ್ ತಟ್ಟೆ ಎಂದರೆ ಬಹುಮಟ್ಟಿಗೆ ಡಂಡಂನ ಕಾರ್ಖಾನೆಯ ಎಚ್.ಎಂ.ವಿ. ತಟ್ಟೆಯೇ. ಅದರ ವ್ಯಾಪಾರ ನಿಂತದ್ದು ಸಿನಿಮಾ ಹಾಡಿನ ಮೇಲೆ. ವಿದೇಶಿ ವಿನಿಮಯದ ಕೊರತೆಯಿಂದ ಆಮದಿಗೆ ಪರವಾನಗಿ ಬೇಕು. ಒಳ್ಳೆಯ ವಿದ್ಯುತ್ ಗಿಟಾರ್ ಸಿಕ್ಕುವುದೇ ದುರ್ಲಭ. ಉಪಾಹಾರಗೃಹಕ್ಕೆ ಬಂದವರು ಬೀಟಲ್ಸ್ ಹಾಡನ್ನು ಬೀಟಲ್ಸ್ ಹಾಡಿದಂತೆಯೇ ಕೇಳಬಯಸುತ್ತಿದ್ದರು. ಎಷ್ಟು ಚೆನ್ನಾಗಿ ಹಾಡಿದರೆ ಅಷ್ಟು ಹೆಚ್ಚಾಗಿ ಅದು ಇನ್ನೊಬ್ಬರ ಹಾಡು. ಸ್ವಂತ ಹಾಡು ಕಟ್ಟಲು ಯಾರೂ ಕೇಳಲಿಲ್ಲ, ಕಟ್ಟಿದರೆ ಮುದ್ರಿಸುವವರು ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಸಿಗರೇಟು ಕಂಪನಿಯೊಂದು ‘ಸಿಮ್ಲಾ ಬೀಟ್’ ಎಂಬ ಅಖಿಲ ಭಾರತ ಸ್ಪರ್ಧೆ ನಡೆಸಿ, ಇಂತಹ ತಂಡಗಳ ಹಾಡುಗಳನ್ನು ಎಲ್.ಪಿ. ತಟ್ಟೆಗಳಾಗಿ ಹೊರತಂದದ್ದು 1970 ಮತ್ತು 1971ರಲ್ಲಿ. ಅಷ್ಟರಲ್ಲಿ ಟ್ರೋಜನ್ಸ್ ಇರಲಿಲ್ಲ. ಅವರ ಹೆಸರು ಇಂದಿಗೆ ಉಳಿದಿರುವುದು ಕೇಳಿದವರ ನೆನಪಿನಲ್ಲಿ ಮತ್ತು ಮುಖ್ಯವಾಗಿ ಬಿದ್ದು ಅವರು 2010ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ.

ಹಂಪಿಯ ಪಕ್ಕದಲ್ಲಿ ಬದುಕುವವರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಕುಣಿಯುವ ಹೆಂಗಳೆಯರು, ಮದ್ದಳೆ ಬಡಿಯುವವರು, ಕೋಲಾಟದವರು ಎಲ್ಲರೂ ಇದ್ದಾರೆ. ಕೈ ಎತ್ತಿದ ಭಂಗಿ ಐದು ನೂರು ವರ್ಷಗಳಿಂದ ಹಾಗೆಯೇ ಇದೆ. ಯಾವ ಹಾಡಿಗೆ ಎತ್ತಿದ ಕೈ ಅದು? ಕಲ್ಲು ಹೇಳದು. ವಿಜಯವಿಠ್ಠಲ ದೇವಾಲಯದ ಕಂಬಗಳು ತಟ್ಟಿದರೆ ನಾದ ಕೊಡುತ್ತವೆ, ಆದರೆ ಅಲ್ಲಿ ನಡೆದ ಕಚೇರಿಗಳಲ್ಲಿ ಒಂದರ ಧಾಟಿಯೂ ನಮ್ಮಲ್ಲಿಲ್ಲ. ಪುರಂದರದಾಸರ ಹೆಸರಿನ ಮಂಟಪ ನದಿಯ ದಡದಲ್ಲಿದೆ. ದಾಸರ ಪದಗಳ ಸಾಹಿತ್ಯ ಓಲೆಗರಿ ಮತ್ತು ಬಾಯಿಪಾಠದಿಂದ ಉಳಿಯಿತು, ಅವರು ಹಾಡಿದ ಮಟ್ಟು ಬಹುಪಾಲು ಕಳೆದುಹೋಗಿ ಬಳಿಕ ಬಂದವರ ಮಟ್ಟು ಅದಕ್ಕೆ ಸೇರಿತು. ಮಾತು ಬರೆಯಬಹುದು, ಧ್ವನಿ ಗಾಳಿಗೆ ಸಲ್ಲುತ್ತದೆ. ಟ್ರೋಜನ್ಸ್ ಹುಡುಗರ ಸ್ಥಿತಿ ಇನ್ನೂ ಕಷ್ಟದ್ದು. ಮಾತೂ ಪರರದು, ಮಟ್ಟೂ ಪರರದು. ತಮ್ಮದಾಗಿದ್ದ ಧ್ವನಿಯೊಂದನ್ನು ಗಾಳಿ ಒಯ್ದಿತು.

ತಂಡದ ಹೆಸರಿನಲ್ಲೇ ಒಂದು ಭವಿಷ್ಯವಿತ್ತೇನೋ. ಟ್ರಾಯ್ ನಗರದವರು ಟ್ರೋಜನ್ನರು. ಆ ನಗರ ಗ್ರೀಕರ ಮರದ ಕುದುರೆಗೆ ಮರುಳಾಗಿ ಸುಟ್ಟುಹೋಯಿತೆಂದು ಪುರಾಣ. ಉರಿಯುವ ಊರಿನಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಬಿದ್ದ ಈನಿಯಸ್ ಎಂಬುವನು ಸಮುದ್ರಗಳನ್ನು ಅಲೆದು ಕೊನೆಗೆ ಇಟಲಿ ಸೇರಿದನಂತೆ. ನಮ್ಮ ತಂಡವೂ ಒಡೆದ ಮೇಲೆ ಬಿದ್ದು ಒಬ್ಬರೇ ‘ಲೋನ್ ಟ್ರೋಜನ್’, ಒಂಟಿ ಟ್ರೋಜನ್ ಎಂಬ ಹೆಸರಿನಲ್ಲಿ ಹಾಡಿದರು. ಕಲ್ಕತ್ತದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್‌ನಲ್ಲಿಯೂ ಹಾಡಿದರು. ಕೆಲವೇ ವರ್ಷಗಳ ತರುವಾಯ, 1969ರಲ್ಲಿ, ಉಷಾ ಉತ್ತುಪ್ ಅವರು ಕಾಂಜೀವರಂ ಸೀರೆಯುಟ್ಟು ಇಂಗ್ಲಿಷ್ ಹಾಡು ಹಾಡಿ ಹೆಸರಾದದ್ದು ಅದೇ ಸ್ಥಳದಲ್ಲಿ.

1967ರಲ್ಲಿ ಒಂಟಿ ಟ್ರೋಜನ್ ಊರು ಬಿಟ್ಟರು. ಕೈಯಲ್ಲಿ ಗಿಟಾರ್, ಕಿಸೆಯಲ್ಲಿ ಹೆಚ್ಚೇನೂ ಇಲ್ಲ. ಮಧ್ಯಪ್ರಾಚ್ಯದ ಮಾರ್ಗವಾಗಿ ಅಲ್ಲಲ್ಲಿ ಹಾಡಿ ಸಂಪಾದಿಸುತ್ತ ಲಂಡನ್ ತಲುಪಿದರು. ಆ ವರ್ಷದ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ದೊಡ್ಡ ಪಾಪ್ ಉತ್ಸವವೊಂದು ನಡೆಯಿತು. ಅದನ್ನು ಆರಂಭಿಸಿದ್ದು ‘ಅಸೋಸಿಯೇಷನ್’ ಎಂಬ ಬಿಸಿಲಿನ ಹಾಡಿನ ತಂಡ. ಮುಗಿಸಿದ್ದು ಮಾಮಾಸ್ ಅಂಡ್ ಪಾಪಾಸ್. ನಡುವೆ, ಭಾನುವಾರದ ಅಪರಾಹ್ನ, ಪಂಡಿತ ರವಿಶಂಕರ್ ಸಿತಾರನ್ನೂ ಉಸ್ತಾದ್ ಅಲ್ಲಾರಖಾ ತಬಲಾವನ್ನೂ ನುಡಿಸಿದರು. ಅಮೆರಿಕದ ಹುಡುಗರು ಹೂ ಮುಡಿದು ಭಾರತದ ಸಂಗೀತಕ್ಕೆ ಮೈಮರೆತು ಕುಳಿತಿದ್ದ ಅದೇ ವರ್ಷ, ಭಾರತದ ಹುಡುಗನೊಬ್ಬ ಅವರ ಸಂಗೀತವನ್ನು ಹುಡುಕಿಕೊಂಡು ಪಡುವಣಕ್ಕೆ ಹೊರಟಿದ್ದ. ಇಬ್ಬರೂ ದಾರಿಯಲ್ಲಿ ಭೇಟಿಯಾಗಿದ್ದರೆ ಒಬ್ಬರಿಗೊಬ್ಬರು ಏನು ಹೇಳುತ್ತಿದ್ದರೋ!

ಲಂಡನ್ನಿನಲ್ಲಿ ಅವರು ಹೊಟ್ಟೆಪಾಡಿಗೆ ಅಮೆರಿಕದ ರಾಯಭಾರ ಕಚೇರಿಯಲ್ಲಿ ಅಡುಗೆ ಕೆಲಸವನ್ನೂ ಮಾಡಿದರು. ಉಳಿಸಿದ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆ. 1969ರಲ್ಲಿ ಜಪಾನಿನ ‘ಟೈಗರ್ಸ್’ ಎಂಬ ತಂಡಕ್ಕೆ ‘ಸ್ಮೈಲ್ ಫಾರ್ ಮಿ’ ಎಂಬ ಹಾಡನ್ನು ಸಿದ್ಧಪಡಿಸಿಕೊಟ್ಟರು; ಬರೆದವರು ಬೀ ಜೀಸ್ ತಂಡದ ಗಿಬ್ ಸೋದರರಲ್ಲಿ ಇಬ್ಬರು. ಟೈಗರ್ಸ್ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಅದು ಟ್ರೋಜನ್ಸ್‌ಗೆ ಹಿಡಿದ ಕನ್ನಡಿ. ಅವರೂ ಬೀಟಲ್ಸ್ ಕೇಳಿ ಗಿಟಾರ್ ಹಿಡಿದವರು. ಅವರ ತಂಡವೂ ಅಲ್ಪಾಯು. 1971ರ ಆರಂಭದಲ್ಲಿ ಮುಗಿಯಿತು. ಆದರೆ ಜಪಾನಿನಲ್ಲಿ ಅಂತಹ ತಂಡಗಳಿಗೆ ಜಪಾನೀ ಭಾಷೆಯಲ್ಲೇ ಹಾಡು ಬರೆದುಕೊಡುವ ಕವಿಗಳಿದ್ದರು, ಮಟ್ಟು ಹಾಕುವವರಿದ್ದರು, ಮುದ್ರಿಸುವ ಕಂಪನಿಗಳಿದ್ದವು. ಅನುಕರಣೆ ಅಲ್ಲಿ ಎರಡು ಮೂರು ವರ್ಷದ ಶಿಷ್ಯವೃತ್ತಿಯಾಗಿ ಮುಗಿದು ಸ್ವಂತ ಕಸುಬಾಯಿತು. ನಮ್ಮಲ್ಲಿ ಆ ಎರಡನೆಯ ಮೆಟ್ಟಿಲನ್ನು ಯಾರೂ ಕಟ್ಟಲಿಲ್ಲ. ಬೆಂಗಳೂರಿನ ಹುಡುಗರಲ್ಲಿ ಕೊರತೆಯಿತ್ತು ಎಂದು ಇದನ್ನು ಓದಬಾರದು. ಅವರಲ್ಲೊಬ್ಬ ಮುಂದೆ ಮಾಡಿದ್ದನ್ನು ನೋಡಿದರೆ ಸಾಕು.

ಮುಂದಿನದು ಬಹಳ ಜನ ಬಲ್ಲ ಕಥೆ. ಬೇಗ ಹೇಳಿ ಮುಗಿಸುತ್ತೇನೆ. 1974ರಲ್ಲಿ ಜಮೈಕ ಮೂಲದ ಕಾರ್ಲ್ ಡಗ್ಲಸ್ ಅವರಿಂದ ಒಂದು ಹಾಡು ಮುದ್ರಿಸಿದ ಮೇಲೆ ತಟ್ಟೆಯ ಹಿಂಬದಿಗೆ ಏನಾದರೂ ಬೇಕಾಯಿತು. ಸ್ಟುಡಿಯೋ ಸಮಯದಲ್ಲಿ ಉಳಿದಿದ್ದ ಹತ್ತು ನಿಮಿಷದಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡಿ ಮುಗಿಸಿದರು. ಕಂಪನಿಯವರು ಹಿಂಬದಿಯನ್ನೇ ಮುಂಬದಿ ಮಾಡಿದರು. ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿ, ಒಂದು ಕೋಟಿಯ ಆಸುಪಾಸಿನಷ್ಟು ಪ್ರತಿಗಳು ಮಾರಾಟವಾದವೆಂದು ಹೇಳುತ್ತಾರೆ. 1976ರಲ್ಲಿ ಟೀನಾ ಚಾರ್ಲ್ಸ್ ಅವರ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನ. ಬಿದ್ದು ಎದ್ದದ್ದು ಹೀಗೆ. ಈ ಶ್ಲೇಷೆಯನ್ನು ತಡೆದುಕೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ, ಓದುಗರು ಕ್ಷಮಿಸಬೇಕು.

ಹೊಸಪೇಟೆಗೆ ಅವರ ಸಂಗೀತ ಬಂದದ್ದು 1980ರಲ್ಲಿ, ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡಿನೊಡನೆ. ಹಾಡಿದ ನಾಜಿಯಾ ಹಸನ್‌ಗೆ ಆಗ ಹದಿನೈದರ ಪ್ರಾಯ. ಹುಟ್ಟಿದ್ದು ಕರಾಚಿಯಲ್ಲಿ, ಇದ್ದದ್ದು ಲಂಡನ್ನಿನಲ್ಲಿ. ಚಿತ್ರದ ಉಳಿದ ಹಾಡುಗಳು ಕಲ್ಯಾಣಜಿ-ಆನಂದಜಿ ಅವರವು. ಬಿದ್ದು ಅವರದು ಇದೊಂದೇ. ನಿರ್ಮಾಪಕ, ನಿರ್ದೇಶಕ ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಓದಿದವರು. ಇಬ್ಬರು ಬೆಂಗಳೂರಿಗರು ಸೇರಿ ಲಂಡನ್ನಿನಲ್ಲಿ ಮುದ್ರಿಸಿದ ಹಿಂದಿ ಹಾಡು ಟೇಪ್ ರೆಕಾರ್ಡರಿನ ಮೂಲಕ ಕಂಪ್ಲಿಯ ಜಾತ್ರೆಯವರೆಗೂ ತಲುಪಿತು. ಆಗ ನಮ್ಮ ಕಡೆ ಆರ್ಕೆಸ್ಟ್ರಾಗಳ ಕಾಲ. ಗಣೇಶನ ಹಬ್ಬಕ್ಕೆ ಬಯಲಿನಲ್ಲಿ ಚಪ್ಪರ ಹಾಕಿ ರಾತ್ರಿಯಿಡೀ ಹಾಡುತ್ತಿದ್ದರು. ಮುಕೇಶ್ ಕಂಠದವನೊಬ್ಬ, ಪಿ.ಬಿ. ಶ್ರೀನಿವಾಸ್ ಕಂಠದವನೊಬ್ಬ, ಎರಡು ಕಂಠದಲ್ಲೂ ಹಾಡಬಲ್ಲ ಹುಡುಗನೊಬ್ಬ. ಎಷ್ಟು ಹೋಲುತ್ತದೆಯೋ ಅಷ್ಟು ಚಪ್ಪಾಳೆ. ದೋಣಿಮಲೈ ಗಣಿ ಕಾಲೋನಿಯಿಂದ ಬಂದ ಒಂದು ತಂಡದಲ್ಲಿ ಗಿಟಾರೂ ಇತ್ತು. ಅವರೇನೂ ಟ್ರೋಜನ್ಸ್ ಹೆಸರು ಕೇಳಿದವರಲ್ಲ, ಆದರೆ ಮಾಡುತ್ತಿದ್ದ ಕೆಲಸ ಅದೇ, ಸಿಕ್ಕುತ್ತಿದ್ದ ಮನ್ನಣೆಯ ಬಗೆಯೂ ಅದೇ. ಆ ಮೈಕಿನ ಹುಡುಗರ ಧ್ವನಿಯೂ ಎಲ್ಲಿಯೂ ಇಲ್ಲ.

ಕನ್ನಡದ ಮಾತು ಈ ಕಥೆಯಲ್ಲಿ ಎಲ್ಲಿ ಬರುತ್ತದೆ? ಬಿದ್ದು ಅವರ ಹೆಸರಾದ ಹಾಡುಗಳು ಇಂಗ್ಲಿಷ್ ಮತ್ತು ಹಿಂದಿಯವು. ಗಿಟಾರ್ ಹಿಡಿದ ಹಾಡುಗಾರನನ್ನು ನಮ್ಮ ಹಳ್ಳಿಯ ಹುಡುಗರು ತಮ್ಮವನೆಂದು ಮೊದಲು ಒಪ್ಪಿಕೊಂಡದ್ದು 1981ರಲ್ಲಿ ಶಂಕರ್ ನಾಗ್ ಅವರ ‘ಗೀತಾ’ ಚಿತ್ರದಲ್ಲಿ ಎಂದು ನನ್ನ ಅಭಿಪ್ರಾಯ. ಅದರ ಸಂಗೀತ ನಿರ್ದೇಶಕ ಇಳಯರಾಜಾ ಸ್ವತಃ ಗಿಟಾರ್ ಬಲ್ಲವರು. ಅಲ್ಲಿಯವರೆಗೆ ರಾಜನ್-ನಾಗೇಂದ್ರರ ಹಾಡುಗಳಲ್ಲಿ ಗಿಟಾರ್ ನುಡಿಯುತ್ತಿತ್ತು, ಆದರೆ ನುಡಿಸುವವನ ಮುಖ ನಮಗೆ ಕಾಣುತ್ತಿರಲಿಲ್ಲ. ಸಿನಿಮಾದ ಹಂಗಿಲ್ಲದೆ, ತಂಡ ಕಟ್ಟಿ, ಕನ್ನಡದಲ್ಲೇ ಗಿಟಾರ್ ಹಿಡಿದು ಹಾಡಲು ಇನ್ನೂ ಹದಿನೈದಿಪ್ಪತ್ತು ವರ್ಷ ಬೇಕಾಯಿತು. 1990ರ ದಶಕದ ಕೊನೆಯಲ್ಲಿ ರಘು ದೀಕ್ಷಿತ್ ಕಟ್ಟಿದ ‘ಅಂತರಾಗ್ನಿ’ಯೂ ಬಹಳ ಕಾಲ ಬಾಳಲಿಲ್ಲ. ಆದರೆ ತಂಡ ಚದುರಿದ ಮೇಲೂ ಅವರ ಕೈಯಲ್ಲಿ ಸ್ವಂತ ಹಾಡುಗಳಿದ್ದವು. 2008ರಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳು ಗಿಟಾರಿನೊಡನೆ ಬಂದವು. ಸಿ. ಅಶ್ವತ್ಥ್ ಅವರ ಧಾಟಿಗೆ ಒಗ್ಗಿದ ನನ್ನ ಕಿವಿಗೆ ಅದು ಮೊದಲು ಒರಟಾಗಿ ಕೇಳಿಸಿತು. ಈಗ ಎರಡನ್ನೂ ಕೇಳುತ್ತೇನೆ. ಬೆಳಗಿನ ವಾಯುವಿಹಾರಕ್ಕೆ ರಘು ದೀಕ್ಷಿತ್, ರಾತ್ರಿಗೆ ಅಶ್ವತ್ಥ್.

ನಿಮ್ಮಲ್ಲಿ ಬಹಳ ಮಂದಿ ಈಗ ಬೆಂಗಳೂರಿನಲ್ಲಿ ನೆಲೆಸಿದ್ದೀರಿ. ನಿಮ್ಮ ಬೀಗರು, ಮನೆ ಮಾಲೀಕರು, ಕಚೇರಿಯ ಹಿರಿಯರಲ್ಲಿ ಎಂಬತ್ತು ದಾಟಿದವರು ಇರುತ್ತಾರೆ. ಫ್ರೇಜರ್ ಟೌನ್, ಕಾಕ್ಸ್ ಟೌನ್, ರಿಚ್ಮಂಡ್ ಟೌನ್ ಕಡೆ 1960ರ ದಶಕದಲ್ಲಿ ಕಾಲೇಜು ಓದಿದವರು ಸಿಕ್ಕಿದರೆ ಟ್ರೋಜನ್ಸ್ ಹಾಡು ಕೇಳಿದ್ದಿರಾ ಎಂದು ವಿಚಾರಿಸಿರಿ. ಯಾವ ಸಭಾಂಗಣ, ಟಿಕೆಟ್ ಎಷ್ಟು, ಮೊದಲು ಯಾವ ಹಾಡು, ಜನ ಕುಳಿತು ಕೇಳಿದರೋ ಎದ್ದು ಕುಣಿದರೋ ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಹಳೆಯ ಟ್ರಂಕಿನ ತಳದಲ್ಲಿ ಒಂದು ಕರಪತ್ರವೋ ಫೋಟೋವೋ ಸಿಕ್ಕಿದರೆ ಅದರ ಹಿಂದುಗಡೆ ವರ್ಷ ಬರೆದಿದೆಯೇ ನೋಡಿ. ನಮ್ಮ ಕಡೆಯ ಆರ್ಕೆಸ್ಟ್ರಾಗಳ ಕ್ಯಾಸೆಟ್ ಯಾರ ಬಳಿಯಾದರೂ ಇದ್ದರೆ ಅದನ್ನೂ ಎಸೆಯಬೇಡಿ. ಟೇಪು ಸಿಕ್ಕಿಹಾಕಿಕೊಂಡಿದ್ದರೂ ಚಿಂತೆಯಿಲ್ಲ, ಪೆನ್ಸಿಲಿನಿಂದ ಸುತ್ತುವ ವಿದ್ಯೆ ನನಗಿನ್ನೂ ಮರೆತಿಲ್ಲ.